ಮಕ್ಕಳ ಮಲೇರಿಯಾ, ಕೆಂಪು ರಕ್ತಕಣ, ರಕ್ತಹೀನತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮಳೆಗಾಲದ ಜ್ವರ ಅಂದರೆ ಎಲ್ಲರ ಬಾಯಲ್ಲೂ ಡೆಂಗ್ಯೂ. ಪ್ಲೇಟ್‌ಲೆಟ್ ಎಷ್ಟಿದೆ ಅಂತ ಪಕ್ಕದ ಮನೆಯವರೂ ಕೇಳುತ್ತಾರೆ. ಮಲೇರಿಯಾ ಬಂದ ಮಗುವಿನ ವಿಷಯದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ್ದು ಹಿಮೋಗ್ಲೋಬಿನ್. ಅದು ಯಾಕೆ ಇಳಿಯುತ್ತದೆ, ಜ್ವರ ಬಿಟ್ಟ ಮೇಲೂ ಯಾಕೆ ಇಳಿಯುತ್ತಿರುತ್ತದೆ, ಮೈ ಕಾಯಬೇಕಾದ ಪ್ರತಿಕಾಯಗಳಿಗೂ (ಆಂಟಿಬಾಡಿ) ಇದರಲ್ಲಿ ಪಾಲಿದೆಯಾ ಎಂದು ತಂದೆತಾಯಂದಿರು ಕೇಳುತ್ತಾರೆ. ಜೀವಶಾಸ್ತ್ರ ಓದುವ ಹುಡುಗರೂ ಕೇಳುತ್ತಾರೆ. ಇಬ್ಬರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ಮನೆಯಲ್ಲೇ ಔಷಧಿ ಮಾಡಿಕೊಳ್ಳಬೇಡಿ, ಅಷ್ಟೇ.

ಮಲೇರಿಯಾ ಬಂದರೆ ರಕ್ತ ಯಾಕೆ ಕಡಿಮೆಯಾಗುತ್ತದೆ?

ಮಲೇರಿಯಾ ತರುವುದು ಪ್ಲಾಸ್ಮೋಡಿಯಂ ಎಂಬ ಪರಾವಲಂಬಿ ಜೀವಿ. ಅನಾಫಿಲಿಸ್ ಹೆಣ್ಣು ಸೊಳ್ಳೆ ಕಚ್ಚಿದಾಗ ಅದು ಮೈಯೊಳಗೆ ಬರುತ್ತದೆ. ಮೊದಲು ಲಿವರ್‌ನಲ್ಲಿ ಬೆಳೆಯುತ್ತದೆ. ಆಗ ಜ್ವರವೂ ಇಲ್ಲ, ಏನೂ ಇಲ್ಲ. ಆಮೇಲೆ ರಕ್ತಕ್ಕೆ ಇಳಿದು ಕೆಂಪು ಕಣಗಳೊಳಗೆ ನುಗ್ಗುತ್ತದೆ.

ಅಲ್ಲಿ ಅದರ ಊಟ ಹಿಮೋಗ್ಲೋಬಿನ್. ತಿಂದು, ಒಂದರಿಂದ ಹತ್ತಿಪ್ಪತ್ತಾಗಿ, ಸುಮಾರು 48 ಗಂಟೆಯಲ್ಲಿ ಕಣವನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಹೊರಬಂದ ಮರಿಗಳು ಹೊಸ ಕಣಗಳನ್ನು ಹುಡುಕಿಕೊಳ್ಳುತ್ತವೆ. ದಿನ ಬಿಟ್ಟು ದಿನ ಚಳಿ ಹತ್ತಿ ಜ್ವರ ಏರುವುದು ಈ ಒಡೆಯುವ ಹೊತ್ತಿಗೆ. ಆದರೆ ಮಕ್ಕಳಲ್ಲಿ ಜ್ವರ ಹೀಗೆ ಲೆಕ್ಕ ಹಾಕಿಕೊಂಡು ಬರಬೇಕು ಅಂತೇನಿಲ್ಲ. ಎಷ್ಟೋ ಸಲ ಎಲ್ಲ ಹೊತ್ತೂ ಜ್ವರ ಇರುತ್ತದೆ.

ಹಿಮೋಗ್ಲೋಬಿನ್ ಜೀರ್ಣವಾದಾಗ ಉಳಿಯುವ ಹೀಮ್, ಅಂದರೆ ಅದರ ಕಬ್ಬಿಣವಿರುವ ಭಾಗ, ಪರಾವಲಂಬಿಗೇ ವಿಷ. ಅದನ್ನು ಅದು ಕಂದು ಹರಳು ಮಾಡಿ ಪಕ್ಕಕ್ಕಿಡುತ್ತದೆ. ಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧಿ ತಡೆಯುವುದು ಈ ಕೆಲಸವನ್ನೇ. ತಮಾಷೆ ಏನೆಂದರೆ, ಸುತ್ತ ಇಷ್ಟೊಂದು ಹೀಮ್ ಬಿದ್ದಿದ್ದರೂ ಪರಾವಲಂಬಿ ತನಗೆ ಬೇಕಾದ ಹೀಮನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇದನ್ನು 1992ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್ ಮತ್ತು ನಮಿತಾ ಸುರೋಲಿಯಾ.

ಸ್ಲೈಡಿನಲ್ಲಿ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಪರಾವಲಂಬಿ ಸ್ವಲ್ಪವೇ ಇದೆ ಅಂದರು. ಆದರೂ ಮಗುವಿನ ಹಿಮೋಗ್ಲೋಬಿನ್ 7ಕ್ಕೆ ಇಳಿದಿದೆ. ರಿಪೋರ್ಟ್ ತಪ್ಪಾ?

ತಪ್ಪಿರಬೇಕಾಗಿಲ್ಲ. ಮಲೇರಿಯಾದ ರಕ್ತಹೀನತೆಯಲ್ಲಿ ಎಲ್ಲರಿಗೂ ಗೊಂದಲ ಆಗುವುದು ಇಲ್ಲೇ. ಸ್ವಲ್ಪ ಲೆಕ್ಕ ಹಾಕೋಣ.

ನೂರು ಕೆಂಪು ಕಣಗಳಲ್ಲಿ ಒಂದರೊಳಗೆ ಪರಾವಲಂಬಿ ಇದೆ ಅಂದುಕೊಳ್ಳಿ. ಎರಡು ದಿನಕ್ಕೊಮ್ಮೆ ಅಂಥವೆಲ್ಲ ಒಡೆದರೆ ದಿನಕ್ಕೆ ಹೋಗುವುದು ಅರ್ಧ ಪರ್ಸೆಂಟ್. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಅಂದರೆ ಕಾಯಿಲೆ ಇಲ್ಲದ ಮಗುವಿನಲ್ಲೂ ದಿನಕ್ಕೆ ಹೆಚ್ಚುಕಡಿಮೆ ಒಂದು ಪರ್ಸೆಂಟ್ ಕಣ ಮುದಿಯಾಗಿ ಹೋಗುತ್ತವೆ, ಅಷ್ಟೇ ಹೊಸದು ಹುಟ್ಟುತ್ತವೆ. ಇನ್ನೊಂದು ಅರ್ಧ ಪರ್ಸೆಂಟ್ ಹೋದರೆ ಕಣ ಹುಟ್ಟಿಸುವ ಮೂಳೆಮಜ್ಜೆ ಸಂಭಾಳಿಸಿಕೊಳ್ಳಬೇಕು, ಅಲ್ವಾ? ಆದರೂ 11 ಇದ್ದ ಹಿಮೋಗ್ಲೋಬಿನ್ ಒಂದು ವಾರದಲ್ಲಿ 7ಕ್ಕೆ ಬರುತ್ತದೆ.

ಹೋಗುತ್ತಿರುವ ಕಣಗಳಲ್ಲಿ ಬಹುಪಾಲು ಸೋಂಕೇ ಇಲ್ಲದವು. ಅದಕ್ಕೇ ಲೆಕ್ಕ ಕೂಡಿಬರುವುದಿಲ್ಲ. ಫಾಲ್ಸಿಪಾರಂ, ವೈವಾಕ್ಸ್ ಅನ್ನುವುವು ಪ್ಲಾಸ್ಮೋಡಿಯಂನ ಎರಡು ಜಾತಿ. ಫಾಲ್ಸಿಪಾರಂ ಮಲೇರಿಯಾದಲ್ಲಿ ಒಂದು ಸೋಂಕಿತ ಕಣಕ್ಕೆ ಸುಮಾರು 8 ಒಳ್ಳೆಯ ಕಣಗಳು ಹೋಗುತ್ತವೆ, ವೈವಾಕ್ಸ್‌ನಲ್ಲಿ ಸುಮಾರು 34 ಎಂಬ ಅಂದಾಜಿದೆ. ಈ ಅಂಕಿಗಳು ಬಂದ ದಾರಿ ವಿಚಿತ್ರ. ಪೆನಿಸಿಲಿನ್ ಬರುವ ಮುಂಚೆ, ಮಿದುಳಿಗೆ ಏರಿದ ಸಿಫಿಲಿಸ್ ರೋಗಕ್ಕೆ ಬೇಕಂತಲೇ ಮಲೇರಿಯಾ ಬರಿಸಿ ಜ್ವರದಿಂದ ಚಿಕಿತ್ಸೆ ಮಾಡುತ್ತಿದ್ದರು. ಅದಕ್ಕೆ 1927ರಲ್ಲಿ ನೊಬೆಲ್ ಕೂಡ ಕೊಟ್ಟರು! ಆ ರೋಗಿಗಳ ರಕ್ತದ ದಾಖಲೆಗಳನ್ನು ದಶಕಗಳಾದ ಮೇಲೆ ಲೆಕ್ಕ ಹಾಕಿ ಈ ಅಂದಾಜಿಗೆ ಬಂದರು. ಅವರು ದೊಡ್ಡವರು, ಮಕ್ಕಳಲ್ಲ. ಆದರೂ ಸಂಗತಿ ಯಾವ ಕಡೆಗಿದೆ ಅನ್ನುವುದು ಗೊತ್ತಾಗುತ್ತದೆ.

ಸೋಂಕಿಲ್ಲದ ಕಣಗಳು ಯಾಕೆ ಹೋಗಬೇಕು? ಅವೇನು ತಪ್ಪು ಮಾಡಿದವು?

ಇಲ್ಲಿಗೇ ಪ್ರತಿಕಾಯಗಳು ಬರುವುದು. ಪ್ರತಿಕಾಯ ತಾನೇ ಯಾರನ್ನೂ ಕೊಲ್ಲುವುದು ಕಡಿಮೆ. ಅದು ಗುರುತು ಹಾಕುತ್ತದೆ. ರಸ್ತೆ ಅಗಲ ಮಾಡುವಾಗ ಗೋಡೆಗೆ ಕೆಂಪು ಬಣ್ಣದ ಗುರುತು ಹಾಕಿ ಹೋಗುತ್ತಾರಲ್ಲ, ಹಾಗೆ. ಒಡೆಯುವ ಯಂತ್ರ ಹಿಂದೆ ಬರುತ್ತದೆ. ಒಡೆಯುವ ಕೆಲಸ ಮಾಡುವುದು ಗುಲ್ಮ (ಸ್ಪ್ಲೀನ್) ಮತ್ತು ಲಿವರ್‌ನಲ್ಲಿರುವ ಭಕ್ಷಕ ಕಣಗಳು. ಗುರುತು ಬಿದ್ದ ಕಣವನ್ನು ಅವು ನುಂಗುತ್ತವೆ, ಒಳಗೆ ಪರಾವಲಂಬಿ ಇದೆಯೋ ಇಲ್ಲವೋ ನೋಡುವುದಿಲ್ಲ.

ಒಳ್ಳೆಯ ಕಣಕ್ಕೆ ಗುರುತು ಬೀಳುವುದು ಹಲವು ರೀತಿಯಲ್ಲಿ.

ಪರಾವಲಂಬಿಯ ಮರಿ ಒಂದು ಕಣಕ್ಕೆ ನುಗ್ಗಲು ಹೋಗಿ ಸೋಲುತ್ತದೆ. ಸೋತರೂ ತನ್ನ ಪ್ರೋಟೀನ್ ಚೂರನ್ನು ಕಣದ ಮೇಲೆ ಅಂಟಿಸಿ ಹೋಗುತ್ತದೆ. ಪ್ರತಿಕಾಯ ಬಂದು ಆ ಚೂರಿಗೆ ಕೂರುತ್ತದೆ. ಕಣದೊಳಗೆ ಏನೂ ಇಲ್ಲ, ಆದರೂ ಗುರುತು ಬಿತ್ತು.

ಇನ್ನೊಂದು, ರಕ್ತದಲ್ಲಿ ತೇಲುವ ಪರಾವಲಂಬಿ ಚೂರುಗಳಿಗೆ ಪ್ರತಿಕಾಯ ಅಂಟಿ ಗಂಟುಗಳಾಗುತ್ತವೆ. ಅವು ಕೆಂಪು ಕಣದ ಮೇಲೆ ಬಂದು ಕೂರುತ್ತವೆ. ಜೊತೆಗೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳೂ ಸೇರುತ್ತವೆ. ಈ ಕಾಂಪ್ಲಿಮೆಂಟಿನ ದಾಳಿಯಿಂದ ತಪ್ಪಿಸಿಕೊಳ್ಳಲು ಕೆಂಪು ಕಣಗಳ ಮೇಲೆ ಕಾವಲು ಪ್ರೋಟೀನುಗಳಿರುತ್ತವೆ. ತೀವ್ರ ಮಲೇರಿಯಾ ರಕ್ತಹೀನತೆ ಇದ್ದ ಕೀನ್ಯಾದ ಮಕ್ಕಳಲ್ಲಿ ಆ ಕಾವಲು ಪ್ರೋಟೀನುಗಳೇ ಕಡಿಮೆ ಇದ್ದವು.

ಮೂರನೆಯದು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಕಣದ ಪೊರೆಯ ಒಳಮೈಯಲ್ಲಿ ಇರಬೇಕಾದ ಫಾಸ್ಫಟಿಡಿಲ್‌ಸೆರಿನ್ ಎಂಬ ಕೊಬ್ಬು ಮಲೇರಿಯಾದಲ್ಲಿ ಹೊರಮೈಗೆ ತಿರುಗುತ್ತದೆ. ಅದಕ್ಕೆ ಮೈಯೇ ಪ್ರತಿಕಾಯ ಮಾಡುತ್ತದೆ. ಅಂದರೆ ನಮ್ಮದೇ ಕಣದ ವಿರುದ್ಧ ನಮ್ಮದೇ ಪ್ರತಿಕಾಯ. 2016ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಸೋಂಕಿಲ್ಲದ ಕಣಗಳನ್ನು ತೆಗೆಯುವುದರಲ್ಲಿ ಇವುಗಳ ಕೈವಾಡ ಕಂಡಿತು.

ಪ್ರತಿಕಾಯದ ಪಾಲು ಎಷ್ಟು ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ವಾದವಿದೆ. 1970ರ ದಶಕದ ಕೊನೆಗೆ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಮಲೇರಿಯಾ ಬಂದ ಎಷ್ಟೋ ಮಕ್ಕಳ ಕೆಂಪು ಕಣಗಳ ಮೇಲೆ ಪ್ರತಿಕಾಯ ಅಥವಾ ಕಾಂಪ್ಲಿಮೆಂಟ್ ಕಂಡರು. ಆದರೆ ಹಾಗೆ ಕಂಡ ಎಲ್ಲ ಮಕ್ಕಳಲ್ಲೂ ರಕ್ತ ಕುಸಿದಿರಲಿಲ್ಲ. ಹಾಗಾಗಿ ಎಲ್ಲ ದೋಷವನ್ನೂ ಪ್ರತಿಕಾಯದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಗುಲ್ಮದ ಪಾಲು ದೊಡ್ಡದು. ಸುಮಾರು 8 ಮೈಕ್ರಾನ್ ಅಗಲದ ಕೆಂಪು ಕಣ ಅಲ್ಲಿ ಒಂದೆರಡು ಮೈಕ್ರಾನ್ ಸಂದಿಯಲ್ಲಿ ಮೈ ಮಡಚಿ ನುಸುಳಬೇಕು. ಮಲೇರಿಯಾದಲ್ಲಿ ಸೋಂಕಿಲ್ಲದ ಕಣಗಳೂ ಸ್ವಲ್ಪ ಬಿರುಸಾಗುತ್ತವೆ. ಬಿರುಸಾದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಮಗುವಿನ ಎಡ ಪಕ್ಕೆಯ ಕೆಳಗೆ ಕೈಯಿಟ್ಟು ಡಾಕ್ಟರ್ ಸ್ಪ್ಲೀನ್ ಊದಿದೆ ಅನ್ನುವುದು ಇದನ್ನೇ.

ಹಾಗಾದರೆ ಪ್ರತಿಕಾಯ ಒಳ್ಳೆಯದಾ, ಕೆಟ್ಟದ್ದಾ?

ಒಟ್ಟಾರೆ ಒಳ್ಳೆಯದೇ. 1961ರಲ್ಲಿ ಕೋಹೆನ್, ಮೆಕ್‌ಗ್ರೆಗರ್, ಕ್ಯಾರಿಂಗ್ಟನ್ ಎಂಬ ಮೂವರು ಒಂದು ಪ್ರಯೋಗ ಪ್ರಕಟಿಸಿದರು. ಗ್ಯಾಂಬಿಯಾದಲ್ಲಿ ಮಲೇರಿಯಾದ ನಡುವೆಯೇ ಬೆಳೆದ ದೊಡ್ಡವರ ರಕ್ತದಿಂದ ಪ್ರತಿಕಾಯ ತೆಗೆದು ಕಾಯಿಲೆ ಬಿದ್ದ ಪುಟ್ಟ ಮಕ್ಕಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಮಕ್ಕಳ ರಕ್ತದಲ್ಲಿ ಪರಾವಲಂಬಿಗಳು ಧಡಾರನೆ ಕಡಿಮೆಯಾದವು. ಪ್ರತಿಕಾಯ ಕಾಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಾ?

ಕಾಯುವ ದಾರಿಗಳೂ ಹಲವು. ಮರಿಗಳಿಗೆ ಅಂಟಿಕೊಂಡು ಹೊಸ ಕಣಕ್ಕೆ ನುಗ್ಗದಂತೆ ಮಾಡುತ್ತವೆ. ಸೋಂಕಿತ ಕಣಗಳು ರಕ್ತನಾಳದ ಗೋಡೆಗೆ ಅಂಟದಂತೆ ತಡೆಯುತ್ತವೆ. ಫಾಲ್ಸಿಪಾರಂನಲ್ಲಿ ಈ ಅಂಟುವಿಕೆಯೇ ಮಿದುಳಿನ ಮಲೇರಿಯಾಕ್ಕೆ ದಾರಿ.

ತನ್ನ ಕೆಲಸ ಸರಿಯಾಗಿ ಬಲ್ಲ ಪ್ರತಿಕಾಯ ಇನ್ನೂ ಹುಟ್ಟದೆ, ಬರೀ ಗದ್ದಲದ ಪ್ರತಿಕಾಯ ಜಾಸ್ತಿ ಇರುವ ಮಗುವಿಗೇ ಕಷ್ಟ ಹೆಚ್ಚು. ಮಲೇರಿಯಾ ಸದಾ ಇರುವ ಕಡೆಗಳಲ್ಲಿ ತೀವ್ರ ರಕ್ತಹೀನತೆ ಬಡಿಯುವುದು ತೀರಾ ಚಿಕ್ಕ ಮಕ್ಕಳಿಗೆ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸುಮಾರು 5.97 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 95 ಪರ್ಸೆಂಟ್ ಆಫ್ರಿಕಾ ವಲಯದಲ್ಲಿ. ಅಲ್ಲಿ ಸತ್ತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಐದು ವರ್ಷದೊಳಗಿನ ಮಕ್ಕಳು.

ಒಂದು ಸಲ ಬಂದು ಹೋದರೆ ಮತ್ತೆ ಬರಲ್ವಾ?

ಬರುತ್ತದೆ. ದಡಾರದ ಹಾಗಲ್ಲ ಇದು. ಸೋಂಕಿತ ಕಣದ ಮೇಲೆ ಫಾಲ್ಸಿಪಾರಂ ಹಚ್ಚುವ ಪ್ರೋಟೀನಿಗೆ ಸುಮಾರು 60 ಜೀನ್‌ಗಳಿವೆ. ಒಂದು ಸಲಕ್ಕೆ ಒಂದನ್ನು ಬಳಸುತ್ತದೆ. ಮೈ ಅದಕ್ಕೆ ಪ್ರತಿಕಾಯ ಮಾಡುವ ಹೊತ್ತಿಗೆ ಇನ್ನೊಂದಕ್ಕೆ ಬದಲಾಯಿಸಿಕೊಂಡಿರುತ್ತದೆ. ಬೇರೆ ತಳಿಯ ಪರಾವಲಂಬಿಯಲ್ಲಿ ಆ 60 ಕೂಡ ಬೇರೆಯೇ.

ಆದ್ದರಿಂದ ರಕ್ಷಣೆ ಬರಲು ಎಷ್ಟೋ ಸೋಂಕು ಬೇಕು. ಬಂದರೂ ಅರ್ಧಂಬರ್ಧ. ಪರಾವಲಂಬಿ ಇದ್ದರೂ ಕಾಯಿಲೆ ಜೋರಾಗುವುದಿಲ್ಲ, ಅಷ್ಟೇ. ಮಲೇರಿಯಾ ಇಲ್ಲದ ಊರಿಗೆ ಹೋಗಿ ಕೂತರೆ ಅದೂ ಸವೆಯುತ್ತದೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಮಗುವಿಗೆ ಈ ರಕ್ಷಣೆ ಇರುವುದೇ ಇಲ್ಲ ಅಂತಲೇ ಇಟ್ಟುಕೊಳ್ಳಿ.

ಪ್ರತಿಕಾಯದಿಂದ ತೊಂದರೆ ಅಂದರೆ ಸ್ಟೀರಾಯ್ಡ್ ಕೊಟ್ಟು ಅಡಗಿಸಬಹುದಲ್ಲ?

ಬೇಡ. ಕಾಯುವ ಪ್ರತಿಕಾಯವೂ ಅದರ ಜೊತೆಗೇ ಅಡಗುತ್ತದೆ. ಮಿದುಳಿನ ಮಲೇರಿಯಾಕ್ಕೆ ಸ್ಟೀರಾಯ್ಡ್ ಕೊಟ್ಟು ಥಾಯ್ಲೆಂಡಿನಲ್ಲಿ ನೋಡಿದ್ದಾರೆ. 1982ರಲ್ಲಿ ಬಂದ ಫಲಿತಾಂಶ: ಸಾವು ಕಡಿಮೆಯಾಗಲಿಲ್ಲ, ಪ್ರಜ್ಞೆ ಬರುವುದು ಇನ್ನೂ ತಡವಾಯಿತು. ಪರಾವಲಂಬಿಯನ್ನು ಬೇಗ ಕೊಲ್ಲುವುದೇ ಸರಿಯಾದ ದಾರಿ. ಅದು ಹೋದರೆ ಗದ್ದಲವೂ ತಣ್ಣಗಾಗುತ್ತದೆ.

ಹೊಸ ರಕ್ತ ಬೇಗ ಹುಟ್ಟುವುದಿಲ್ಲ ಯಾಕೆ?

ಮೂಳೆಮಜ್ಜೆ ಮಂಕಾಗಿರುತ್ತದೆ. ರಕ್ತ ಕಳೆದುಕೊಂಡ ಮಗುವಿನಲ್ಲಿ ಎಳೆಯ ಕೆಂಪು ಕಣಗಳು ಏರಬೇಕು. ಮಲೇರಿಯಾದಲ್ಲಿ ಎಷ್ಟೋ ಸಲ ಅವು ಏರುವುದಿಲ್ಲ. ಉರಿಯೂತದ ರಾಸಾಯನಿಕಗಳು, ಪರಾವಲಂಬಿ ಬಿಟ್ಟುಹೋದ ಆ ಕಂದು ಹರಳುಗಳು, ಎರಡೂ ಸೇರಿ ಕಣ ಹುಟ್ಟುವುದನ್ನು ತಡೆಯುತ್ತವೆ. ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಕಬ್ಬಿಣವನ್ನು ಭಕ್ಷಕ ಕಣಗಳೊಳಗೇ ಕೂಡಿಹಾಕುತ್ತದೆ. ಕಬ್ಬಿಣ ಮೈಯಲ್ಲಿದೆ, ಕೈಗೆ ಸಿಗುತ್ತಿಲ್ಲ.

ಕಬ್ಬಿಣದ ಟಾನಿಕ್ ತಕ್ಷಣ ಶುರು ಮಾಡಬಹುದಾ? ಬೀಟ್‌ರೂಟ್, ದಾಳಿಂಬೆ?

ಟಾನಿಕ್ ನೀವಾಗಿಯೇ ಶುರು ಮಾಡಬೇಡಿ. ಜ್ವರ ಇರುವಾಗ ಹೆಪ್ಸಿಡಿನ್ ಕರುಳಿನ ಬಾಗಿಲನ್ನೂ ಮುಚ್ಚಿರುತ್ತದೆ, ಕೊಟ್ಟದ್ದು ಒಳಗೆ ಹೋಗುವುದೇ ಕಡಿಮೆ. ಇನ್ನೂ ಗಂಭೀರ ಕಾರಣವೊಂದಿದೆ. ಮಲೇರಿಯಾ ಜಾಸ್ತಿ ಇರುವ ಜಾಂಜಿಬಾರಿನ ಪೆಂಬಾ ದ್ವೀಪದಲ್ಲಿ ಚಿಕ್ಕ ಮಕ್ಕಳಿಗೆ ಕಬ್ಬಿಣ, ಫೋಲಿಕ್ ಆಸಿಡ್ ಕೊಟ್ಟು ನೋಡಿದರು. ಕೊಟ್ಟ ಮಕ್ಕಳಲ್ಲೇ ಆಸ್ಪತ್ರೆ ಸೇರುವುದು, ಸಾವು ಹೆಚ್ಚಾಗಿ ಆ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ವರದಿ ಬಂದದ್ದು 2006ರಲ್ಲಿ. ಆಮೇಲೆ ಬಂದ ತಿಳಿವಳಿಕೆ ಇದು: ಮಲೇರಿಯಾ ತಡೆ, ಚಿಕಿತ್ಸೆ ಸರಿಯಾಗಿದ್ದರೆ ಕಬ್ಬಿಣ ಕೊಡಬಹುದು, ಅದಿಲ್ಲದೆ ಕೊಡಬಾರದು.

ಇದನ್ನು ಓದಿ ಶಾಲೆ, ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಸಿರಪ್ಪಿಗೆ ಹೆದರಬೇಕಾಗಿಲ್ಲ. ನಮ್ಮ ಮಕ್ಕಳಲ್ಲಿ ಕಬ್ಬಿಣದ ಕೊರತೆ ನಿಜವಾಗಿಯೂ ಇದೆ. ಮಲೇರಿಯಾ ಇದ್ದಷ್ಟು ದಿನ ನಿಲ್ಲಿಸಿ, ಮತ್ತೆ ಯಾವಾಗ ಶುರು ಅಂತ ಡಾಕ್ಟರನ್ನು ಕೇಳಿ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ನೋಡುವ ಫೆರಿಟಿನ್ ಪರೀಕ್ಷೆಯನ್ನು ಜ್ವರದಲ್ಲಿ ಮಾಡಿಸಿದರೆ ಸುಮ್ನೆ ದುಡ್ಡು ದಂಡ. ಉರಿಯೂತದಲ್ಲಿ ಅದು ತಾನಾಗಿಯೇ ಏರುತ್ತದೆ.

ರಾಗಿ ಗಂಜಿ, ಸೊಪ್ಪು, ಮೊಟ್ಟೆ, ಬೇಳೆ, ಮಗು ತಿನ್ನುವುದನ್ನು ಕೊಡಿ. ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಆಗುವುದಿಲ್ಲ.

ವೈವಾಕ್ಸ್ ಅಂದರೆ ಸೌಮ್ಯ ಮಲೇರಿಯಾ ಅಂತಾರೆ. ನಿಜವಾ?

ಫಾಲ್ಸಿಪಾರಂನಷ್ಟು ಬೇಗ ಜೀವಕ್ಕೆ ಕುತ್ತು ತರುವುದಿಲ್ಲ, ನಿಜ. ಆದರೆ ರಕ್ತದ ವಿಷಯದಲ್ಲಿ ಸೌಮ್ಯ ಅಲ್ಲ. ವೈವಾಕ್ಸ್ ನುಗ್ಗುವುದು ಎಳೆಯ ಕೆಂಪು ಕಣಗಳಿಗೆ. ಅವು ಒಟ್ಟು ಕಣಗಳಲ್ಲಿ ಒಂದೆರಡು ಪರ್ಸೆಂಟ್ ಅಷ್ಟೇ. ಅದಕ್ಕೇ ಸ್ಲೈಡಿನಲ್ಲಿ ಪರಾವಲಂಬಿ ಕಡಿಮೆ ಕಾಣುತ್ತದೆ. ಸೋಂಕಿಲ್ಲದ ಕಣಗಳ ನಷ್ಟ ಮಾತ್ರ ಹೆಚ್ಚು. ಮೇಲಿನ 34ರ ಲೆಕ್ಕ ನೆನಪಿಸಿಕೊಳ್ಳಿ. ಜೊತೆಗೆ ಇದು ಲಿವರ್‌ನಲ್ಲಿ ಮಲಗಿದ್ದು ತಿಂಗಳುಗಳಾದ ಮೇಲೂ ಎದ್ದು ಬರುತ್ತದೆ. ಹಿಂದಿನ ನಷ್ಟ ತುಂಬುವ ಮೊದಲೇ ಇನ್ನೊಂದು ಪೆಟ್ಟು.

ಕಾರ್ಡ್ ಟೆಸ್ಟ್ ನೋಡುವುದು ಮಗುವಿನ ಪ್ರತಿಕಾಯವನ್ನಾ?

ಅಲ್ಲ. ಡೆಂಗ್ಯೂ ಕಾರ್ಡಿನ ಐಜಿಎಂ, ಐಜಿಜಿ ಗೆರೆಗಳು ಮಗುವಿನ ಪ್ರತಿಕಾಯ ನೋಡುತ್ತವೆ. ಮಲೇರಿಯಾ ಕಾರ್ಡು ನೋಡುವುದು ಪರಾವಲಂಬಿಯ ಪ್ರೋಟೀನನ್ನು. ಅದನ್ನು ಹಿಡಿಯಲು ಪಟ್ಟಿಯ ಮೇಲೆ ಲ್ಯಾಬಿನಲ್ಲಿ ಮಾಡಿದ ಪ್ರತಿಕಾಯ ಹಚ್ಚಿರುತ್ತಾರೆ. ಎರಡೂ ಕಾರ್ಡು ನೋಡಲು ಒಂದೇ ಥರ, ಅದಕ್ಕೇ ಗೊಂದಲ.

ಮಲೇರಿಯಾ ಪ್ರತಿಕಾಯದ ರಕ್ತಪರೀಕ್ಷೆಯೂ ಇದೆ. ಅದು ಹಿಂದೆ ಸೋಂಕು ಆಗಿತ್ತಾ ಅಂತ ಹೇಳುತ್ತದೆ, ಈಗ ಇದೆಯಾ ಅಂತ ಅಲ್ಲ. ಜ್ವರ ಬಂದ ಮಗುವಿಗೆ ಅದರಿಂದ ಉಪಯೋಗವಿಲ್ಲ.

ಇನ್ನೊಂದು ಮಾತು. ಫಾಲ್ಸಿಪಾರಂ ಗೆರೆ ಹಿಡಿಯುವ ಪ್ರೋಟೀನ್ ಚಿಕಿತ್ಸೆ ಮುಗಿದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಗೆರೆ ಇನ್ನೂ ಇದೆ ಅಂತ ಔಷಧಿ ಫಲಿಸಿಲ್ಲ ಅಂದುಕೊಳ್ಳಬೇಡಿ. ವಾಸಿಯಾಯಿತಾ ಅಂತ ನೋಡಲು ಸ್ಲೈಡೇ ಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಯಾವ ಲಕ್ಷಣ ಕಂಡರೆ ರಾತ್ರೋರಾತ್ರಿ ಓಡಬೇಕು?

ಮಗು ಏದುಸಿರು ಬಿಡುತ್ತಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಫಿಟ್ಸ್ ಬಂದರೆ, ಕೂರಲೂ ಆಗದಷ್ಟು ಸುಸ್ತಾದರೆ, ಎಲ್ಲವನ್ನೂ ವಾಂತಿ ಮಾಡುತ್ತಿದ್ದರೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಅಂಗೈ ನೋಡಿ. ಬಿಳಿಚಿಕೊಂಡಿದ್ದರೆ ರಕ್ತ ಬಹಳ ಇಳಿದಿದೆ. ಕಣ್ಣು ಹಳದಿಯಾಗಿದ್ದರೆ ಕಣಗಳು ಒಡೆಯುತ್ತಿರಬಹುದು. ಕಾಮಾಲೆ ಅಂತ ನಾಟಿ ಔಷಧಿಗೆ ಹೋಗಿ ಎರಡು ದಿನ ಕಳೆಯುವವರು ಈಗಲೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ರಕ್ತ ಕೊಡಿಸಲೇಬೇಕಾ?

ಎಲ್ಲರಿಗೂ ಬೇಡ. ಹಿಮೋಗ್ಲೋಬಿನ್ 4ಕ್ಕಿಂತ ಕೆಳಗಿದ್ದರೆ ಕೊಡಲೇಬೇಕು. 4ರಿಂದ 6ರ ನಡುವೆ ಇದ್ದು ಉಸಿರಾಟದ ಕಷ್ಟ, ಮಂಪರು ಇಂಥದ್ದಿದ್ದರೆ ಕೊಡುತ್ತಾರೆ. ಅಂಥ ಲಕ್ಷಣ ಇಲ್ಲದ ಮಕ್ಕಳನ್ನು ಹತ್ತಿರದಿಂದ ನೋಡಿಕೊಳ್ಳುತ್ತಾ ಕಾಯಬಹುದು ಎಂದು ಉಗಾಂಡ, ಮಲಾವಿಯಲ್ಲಿ ನಡೆದ, 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಕಾಯುವುದು ಆಸ್ಪತ್ರೆಯಲ್ಲೇ ಹೊರತು ಮನೆಯಲ್ಲಲ್ಲ.

ಜ್ವರ ಬಿಟ್ಟು ಮನೆಗೆ ಬಂದೆವು. ಎರಡು ವಾರ ಆದಮೇಲೆ ಹಿಮೋಗ್ಲೋಬಿನ್ ಮತ್ತೆ ಇಳಿದಿದೆ. ಯಾಕೆ?

ಜೋರು ಮಲೇರಿಯಾಕ್ಕೆ ರಕ್ತನಾಳಕ್ಕೆ ಆರ್ಟೆಸುನೇಟ್ ಇಂಜೆಕ್ಷನ್ ಕೊಟ್ಟಿದ್ದರೆ ಹೀಗಾಗುವುದುಂಟು. ಆ ಔಷಧಿ ಕಣದೊಳಗಿನ ಎಳೆ ಪರಾವಲಂಬಿಯನ್ನೇ ಕೊಲ್ಲುತ್ತದೆ. ಗುಲ್ಮ ಸತ್ತ ಪರಾವಲಂಬಿಯನ್ನು ಮಾತ್ರ ಕಿತ್ತು ತೆಗೆದು ಕಣವನ್ನು ರಕ್ತಕ್ಕೆ ಬಿಡುತ್ತದೆ. ಕಣ ಬದುಕಿತು, ಆದರೆ ಆಯಸ್ಸು ಕಡಿಮೆ. ಒಂದರಿಂದ ಮೂರು ವಾರದಲ್ಲಿ ಇಂಥವೆಲ್ಲ ಒಟ್ಟಿಗೆ ಸಾಯುತ್ತವೆ. ಔಷಧಿ ಕೆಟ್ಟದ್ದು ಅಂತಲ್ಲ, ಜೀವ ಉಳಿಸುವುದು ಅದೇ. ಅದಕ್ಕೇ ಡಿಸ್ಚಾರ್ಜ್ ಆದ ಮೇಲೂ ನಾಲ್ಕು ವಾರದವರೆಗೆ ಆಗಾಗ ಹಿಮೋಗ್ಲೋಬಿನ್ ನೋಡಿಸಬೇಕು. ಜ್ವರ ಬಿಟ್ಟಿತು, ಸ್ಕೂಲಿಗೆ ಕಳಿಸಿದೆವು, ಮುಗಿಯಿತು ಅಂತ ಕೂರುವವರೇ ಜಾಸ್ತಿ. ನನಗೆ ಚಿಂತೆ ಇರುವುದು ಅವರ ಬಗ್ಗೆಯೇ.

ಮಲೇರಿಯಾ ಲಸಿಕೆ ಹಾಕಿಸಿದರೆ ರಕ್ತಹೀನತೆ ತಪ್ಪುತ್ತದಾ?

ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಲಸಿಕೆ ಎರಡಿವೆ. ಆರ್‌ಟಿಎಸ್‌ಎಸ್ 2021ರಲ್ಲಿ, ಆರ್21 2023ರಲ್ಲಿ. ಆರ್21 ತಯಾರಾಗುವುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ. ಎರಡೂ ಫಾಲ್ಸಿಪಾರಂಗೆ ಮಾತ್ರ. ಅವು ಹುಟ್ಟಿಸುವ ಪ್ರತಿಕಾಯ ಸೊಳ್ಳೆ ಬಿಟ್ಟ ಪರಾವಲಂಬಿಯನ್ನು ಲಿವರ್ ಸೇರುವ ಮುಂಚೆಯೇ ಹಿಡಿಯುತ್ತದೆ, ಕೆಂಪು ಕಣಗಳ ತಂಟೆಗೆ ಹೋಗುವುದಿಲ್ಲ. ರಕ್ತದವರೆಗೆ ಬರದಿದ್ದರೆ ರಕ್ತಹೀನತೆಯೂ ಇಲ್ಲ. ನಮ್ಮ ದೇಶದ ಮಕ್ಕಳ ಲಸಿಕೆ ಪಟ್ಟಿಯಲ್ಲಿ ಇವು ಇಲ್ಲ.

ಬ್ಲಡ್ ಗ್ರೂಪಿಗೂ ಇದಕ್ಕೂ ಸಂಬಂಧ ಇದೆಯಾ?

ಸ್ವಲ್ಪ ಇದೆ. ಓ ಗುಂಪಿನವರಿಗೆ ತೀವ್ರ ಫಾಲ್ಸಿಪಾರಂ ಮಲೇರಿಯಾ ಕಡಿಮೆ. ಸೋಂಕಿತ ಕಣದ ಸುತ್ತ ಒಳ್ಳೆಯ ಕಣಗಳು ಗುಂಪು ಕಟ್ಟುವುದು ಅವರಲ್ಲಿ ಕಡಿಮೆ. ಓ ಅಂತ ಸೊಳ್ಳೆ ಪರದೆ ತೆಗೆದುಬಿಡಬೇಡಿ.

ಬೆಂಗಳೂರಿನಲ್ಲಿ ಮಲೇರಿಯಾ ಎಲ್ಲಿಂದ ಬರುತ್ತದೆ?

ಹೆಚ್ಚಾಗಿ ಬೇರೆ ಊರಿಗೆ ಹೋಗಿ ಬಂದವರಿಂದ, ಕೆಲಸಕ್ಕೆ ವಲಸೆ ಬಂದವರ ಜೊತೆಗೆ. ಒಡಿಶಾದಂಥ ಕಡೆಯಿಂದ ಬಂದ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಮಕ್ಕಳಿಗೆ ಜ್ವರ ಬಂದರೆ ಮೊದಲು ಮಲೇರಿಯಾ ನೋಡಬೇಕು. ಹರಡಲು ಬೇಕಾದ ಸೊಳ್ಳೆ ನಗರದಲ್ಲೇ ಇದೆ. ಅನಾಫಿಲಿಸ್ ಸ್ಟೀಫೆನ್ಸಿ ಮೊಟ್ಟೆ ಇಡುವುದು ಚರಂಡಿಯಲ್ಲಲ್ಲ. ಮುಚ್ಚಳ ಸರಿಯಿಲ್ಲದ ಸಂಪು, ಓವರ್‌ಹೆಡ್ ಟ್ಯಾಂಕು, ಕ್ಯೂರಿಂಗ್‌ಗೆ ನಿಲ್ಲಿಸಿದ ನೀರಿನಲ್ಲಿ. ಕಚ್ಚುವುದು ಸಂಜೆ, ರಾತ್ರಿ.

1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ಡಾಕ್ಟರ್ ಆಗಿದ್ದ ರೊನಾಲ್ಡ್ ರಾಸ್ ತನ್ನ ಬಂಗಲೆಯ ಸೊಳ್ಳೆ ಕಾಟಕ್ಕೆ ಕಾರಣ ಹುಡುಕಿದ. ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕಂಡವು. ತೊಟ್ಟಿ ಮಗುಚಿದ, ಸೊಳ್ಳೆ ಕಡಿಮೆಯಾದವು. ಮಲೇರಿಯಾ ಸೊಳ್ಳೆಯೊಳಗೆ ಬೆಳೆಯುತ್ತದೆ ಅಂತ ಅವನೇ ಸಿಕಂದರಾಬಾದಿನಲ್ಲಿ ಕಂಡದ್ದು 1897ರ ಆಗಸ್ಟ್ 20ರಂದು. 1902ರಲ್ಲಿ ನೊಬೆಲ್ ಬಂತು.

14 ದಿನದ ಮಾತ್ರೆ ಯಾಕೆ? ಜ್ವರ ಮೂರೇ ದಿನಕ್ಕೆ ಬಿಟ್ಟಿತಲ್ಲ?

ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವ ವೈವಾಕ್ಸ್‌ಗೆ. 14 ದಿನದ ಪ್ರಿಮಾಕ್ವಿನ್ ಲಿವರ್‌ನಲ್ಲಿ ಮಲಗಿರುವುದಕ್ಕೆ. ನಡುವೆ ನಿಲ್ಲಿಸಿದರೆ ಅದು ಮತ್ತೆ ಏಳುತ್ತದೆ, ಹಿಮೋಗ್ಲೋಬಿನ್ ಮತ್ತೆ ಇಳಿಯುತ್ತದೆ. ಆದರೆ ಈ ಮಾತ್ರೆಗೂ ಒಂದು ಷರತ್ತು ಇದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಪ್ರಿಮಾಕ್ವಿನ್ ಕೆಂಪು ಕಣಗಳನ್ನು ಒಡೆಯುತ್ತದೆ. ಈ ಕೊರತೆ ಗಂಡುಮಕ್ಕಳಲ್ಲಿ ಹೆಚ್ಚು. ಎಳೆ ಕೂಸುಗಳಿಗೆ, ಗರ್ಭಿಣಿಯರಿಗೆ ಇದನ್ನು ಕೊಡುವುದೇ ಇಲ್ಲ. ಮಾತ್ರೆ ಶುರುವಾದ ಮೇಲೆ ಮೂತ್ರ ಕಪ್ಪಾದರೆ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ. ಕೆಲವು ತಿಂಗಳಾದ ಮೇಲೆ ಮತ್ತೆ ಜ್ವರ ಬಂದರೆ ಹಳೆಯ ಚೀಟಿ ತೆಗೆದುಕೊಂಡು ಹೋಗಿ. ಯಾವ ಮಲೇರಿಯಾ, ಯಾವ ತಾರೀಕು, ಪ್ರಿಮಾಕ್ವಿನ್ ಎಷ್ಟು ದಿನ ನುಂಗಿದ್ದು ಅಂತ ಮೊದಲೇ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ.